ಸುವರ್ಣಕಿರೀಟದ ವ್ಯಾಜ್ಯ

ಕ್ರಿ.ಪೂ. 330ನೆಯ ವರ್ಷದಲ್ಲಿ ಒಂದು ದಿನ ಆಥೆನ್ಸ್ ನಗರದ ನ್ಯಾಯಸ್ಥಾನದಲ್ಲಿ, ಜೂರಿಗಳಾಗಿ ಕುಳಿತ ನೂರಾರು ಮಂದಿ ನಾಗರಿಕರ ಸುತ್ತ ಊರವರೂ ಪರವೂರವರೂ ಕಿಕ್ಕಿರಿದು ನೆರೆದಿರಲು, ಐವತ್ತರ ವಯಸ್ಸನ್ನು ದಾಟಿದ ಇಬ್ಬರು ರಾಜಕಾರಣಿಗಳು ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ಹದಿನಾರು ವರ್ಷಗಳಿಂದ ಬೆಳೆಸಿಕೊಂಡು ಬಂದ ತಮ್ಮ ವೈರವನ್ನು ಸೂರ್ಯ ಮುಳುಗುವುದರೊಳಗಾಗಿ ತೀರಿಸಿಕೊಂಡರು. ಮೊದಲು ಮಾತನಾಡಿದವನು ಈಸ್ಕಿನೀಸ್, ಉತ್ತರವಿತ್ತವನು ಡೆಮಾಸ್ತನೀಸ್. ಆ ದಿನ ಆ ಸಭೆಯ ಮುಂದಿದ್ದ ಪ್ರಶ್ನೆ ಒಂದು ರಾಷ್ಟ್ರದ ಬಾಳಿನಲ್ಲಿ ಒಂದೇ ಸಲ ಬರತಕ್ಕಂಥದು: ಮ್ಯಾಸಿಡೋನಿಯದ ದೊರೆ ಫಿಲಿಪನನ್ನು ಆಥೆನ್ಸ್ ಎದುರಿಸಿ ನಿಂತದ್ದು ವಿವೇಕವೋ ಅವಿವೇಕವೋ, ಬಲಿಷ್ಠನೊಡನೆ ಸಂಧಿಮಾಡಿಕೊಂಡು ಬದುಕುವುದು ಮೇಲೋ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಸೋಲುವುದು ಮೇಲೋ ಎಂಬುದು. ಇಷ್ಟು ಘನವಾದ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಗ್ರೀಕ್ ಭಾಷೆಯ ಇಬ್ಬರು ಅತ್ಯುತ್ತಮ ವಾಗ್ಮಿಗಳು ಆ ಹಗಲಿನ ಎಷ್ಟೋ ಹೊತ್ತನ್ನು ಎದುರಾಳಿಯ ಅಜ್ಜಿ ಯಾವ ಕುಲದವಳು, ತಾಯಿ ಎಂಥ ನಡತೆಯವಳು, ತಂದೆಯ ಕಾಲಿಗೆ ಬೇಡಿಯಿತ್ತೇ ಇಲ್ಲವೇ, ಮಗಳು ಸತ್ತಾಗ ಅವನು ಎಂಥ ಬಟ್ಟೆ ಉಟ್ಟಿದ್ದನು ಎಂಬ ಮಾತುಗಳಲ್ಲಿ ಕಳೆದರು.

ಇದೇಕೆ ಹೀಗಾಯಿತು? ಅವರಿಬ್ಬರೂ ಅಲ್ಪರಾಗಿದ್ದರು ಎಂದುಬಿಟ್ಟರೆ ಉತ್ತರ ಸುಲಭವಾಗುತ್ತದೆ. ಆದರೆ ಅದು ನಿಜವಲ್ಲ. ಡೆಮಾಸ್ತನೀಸನು ತಾನು ನಂಬಿದ ತತ್ತ್ವಕ್ಕಾಗಿ ಕಡೆಗೆ ಪ್ರಾಣವನ್ನೇ ತೆತ್ತವನು. ಈಸ್ಕಿನೀಸನು ರಣರಂಗದಲ್ಲಿ ಶೌರ್ಯಕ್ಕಾಗಿ ಮನ್ನಣೆ ಪಡೆದ ಯೋಧ. ಬಡತನದಿಂದ ತನ್ನ ಕಂಠದ ಬಲವೊಂದರಿಂದಲೇ ಮೇಲೆ ಬಂದವನು. ಇಂಥವರು ಇಂಥ ಮಾತುಗಳಿಗೆ ಇಳಿಯಬೇಕಾದರೆ, ಕಾರಣವನ್ನು ಅವರ ನಾಲಗೆಯಲ್ಲಿ ಮಾತ್ರವಲ್ಲದೆ ಅವರ ಮಾತನ್ನು ಕೇಳುತ್ತಿದ್ದವರ ಸ್ಥಿತಿಯಲ್ಲಿಯೂ, ಆ ನಗರವು ತನ್ನ ಆಡಳಿತವನ್ನು ಕಟ್ಟಿಕೊಂಡಿದ್ದ ರೀತಿಯಲ್ಲಿಯೂ ಹುಡುಕಬೇಕೆಂದು ನನಗೆ ತೋರುತ್ತದೆ.

ಆಥೆನ್ಸಿನಲ್ಲಿ ಮಂತ್ರಿಮಂಡಲವಿರಲಿಲ್ಲ, ವಿರೋಧಪಕ್ಷವಿರಲಿಲ್ಲ, ಚುನಾವಣೆಯ ಪ್ರಣಾಳಿಕೆಯಿರಲಿಲ್ಲ. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಸೇರುತ್ತಿದ್ದ ಜನಸಭೆಯೇ ಸರ್ವಪ್ರಭುವಾಗಿತ್ತು. ಹೆಂಗಸರಿಗೂ ಗುಲಾಮರಿಗೂ ಪರದೇಶೀಯರಿಗೂ ಅಲ್ಲಿ ಪ್ರವೇಶವಿಲ್ಲದಿದ್ದುದು ನಿಜವಾದರೂ, ನಾಗರಿಕನೆನಿಸಿದವನು ಚಮ್ಮಾರನಾಗಲಿ ಹಡಗಿನ ಒಡೆಯನಾಗಲಿ ಎದ್ದು ನಿಂತು ಮಾತನಾಡಬಹುದಾಗಿತ್ತು. ಎಲ್ಲರೂ ಕೈಯೆತ್ತಿ ನಿರ್ಣಯಿಸುತ್ತಿದ್ದರು. ಯುದ್ಧವೂ ಸಂಧಿಯೂ ತೆರಿಗೆಯೂ ಆ ಕೈಗಳಿಂದಲೇ ತೀರ್ಮಾನವಾಗುತ್ತಿದ್ದವು. ನ್ಯಾಯಸ್ಥಾನವಾದರೂ ಅದೇ ಜನರದು. ಮೂವತ್ತು ವರ್ಷ ತುಂಬಿದ ನಾಗರಿಕರಲ್ಲಿ 6000 ಮಂದಿಯನ್ನು ವರ್ಷಕ್ಕೊಮ್ಮೆ ಚೀಟಿಯೆತ್ತಿ ಆರಿಸಿ, ಅವರಿಂದ 500, 1000, 1500 ಮಂದಿಯ ಮಂಡಲಿಗಳನ್ನು ಮಾಡಿ, ದಿನವೊಂದಕ್ಕೆ ಮೂರು ಓಬಲ್ ಕೂಲಿಯನ್ನು ಕೊಟ್ಟು ಕೂರಿಸುತ್ತಿದ್ದರು. ಅಲ್ಲಿ ವಿಧಿಯನ್ನು ವಿವರಿಸುವ ನ್ಯಾಯಾಧೀಶನಿಲ್ಲ. ಅಪ್ರಸ್ತುತವೆಂದು ತಡೆಯುವ ಅಧಿಕಾರಿಯಿಲ್ಲ. ಜಲಘಟಿಕೆಯಲ್ಲಿ ನೀರು ಹರಿದು ಮುಗಿಯುವವರೆಗೆ ವಾದಿ ಪ್ರತಿವಾದಿಗಳು ಏನನ್ನಾದರೂ ಹೇಳಬಹುದು. ತರುವಾಯ ಜೂರಿಗಳು ತಮ್ಮತಮ್ಮೊಳಗೆ ಒಂದು ಮಾತನ್ನೂ ಆಡದೆ ಕಂಚಿನ ಬಿಲ್ಲೆಗಳನ್ನು ಹಾಕಿ ತೀರ್ಪು ಕೊಟ್ಟು ಮನೆಗೆ ಹೋಗುವರು.

ಇಂಥ ರಾಜ್ಯದಲ್ಲಿ ಒಂದು ನಿರ್ಣಯ ಕೆಟ್ಟ ಫಲ ಕೊಟ್ಟರೆ ಹೊಣೆ ಯಾರದು? ಕೈಯೆತ್ತಿದ ಸಾವಿರಾರು ಜನರ ಮೇಲೆ ದಾವೆ ಹೂಡಲಾಗುವುದಿಲ್ಲ. ಪ್ರಭುವನ್ನು ಕಟಕಟೆಗೆ ಕರೆಯುವವರು ಯಾರು? ಆದ್ದರಿಂದ ಆಥೆನ್ಸಿನವರು ಬಹಳ ಹಿಂದಿನಿಂದಲೇ ಒಂದು ಉಪಾಯವನ್ನು ಕಂಡುಕೊಂಡಿದ್ದರು: ಜನರು ತಪ್ಪುವುದಿಲ್ಲ, ಜನರನ್ನು ಯಾವನೋ ಮೋಸಗೊಳಿಸುತ್ತಾನೆ. ಕ್ರಿ.ಪೂ. 415ರಲ್ಲಿ ಸಿಸಿಲಿ ದ್ವೀಪವನ್ನು ಗೆಲ್ಲುತ್ತೇವೆಂದು ಮಹಾಸಂಭ್ರಮದಿಂದ ಮತಕೊಟ್ಟು ಕಳುಹಿದ ನೌಕಾಪಡೆ ಎರಡು ವರ್ಷಗಳ ತರುವಾಯ ನಾಶವಾಯಿತೆಂಬ ಸುದ್ದಿ ಬಂದಾಗ, ಜನರು ಆ ಯುದ್ಧವನ್ನು ಬೋಧಿಸಿದ ವಾಗ್ಮಿಗಳ ಮೇಲೆಯೂ ಶಕುನ ಹೇಳಿದವರ ಮೇಲೆಯೂ ಕಿಡಿಕಾರಿದರು. ಮತ ಕೊಟ್ಟವರು ತಾವೇ ಅಲ್ಲವೆಂಬಂತೆ ಅವರು ನಡೆದುಕೊಂಡರೆಂದು ಇತಿಹಾಸಕಾರನಾದ ಥುಸಿಡಿಡೀಸನು ಗುರುತಿಸಿದ್ದಾನೆ. ಕ್ರಿ.ಪೂ. 406ರಲ್ಲಿ ಆರ್ಗಿನೂಸಿಯ ನೌಕಾಯುದ್ಧದಲ್ಲಿ ಗೆದ್ದು ಬಂದ ಸೇನಾನಿಗಳು ಬಿರುಗಾಳಿಯಲ್ಲಿ ಮುಳುಗುತ್ತಿದ್ದ ನಾವಿಕರನ್ನು ಉದ್ಧರಿಸಲಿಲ್ಲವೆಂದು ಅವರನ್ನೆಲ್ಲ ಒಂದೇ ಮತದಿಂದ ಅಪರಾಧಿಗಳೆಂದು ನಿರ್ಣಯಿಸಿ, ಕೈಗೆ ಸಿಕ್ಕ ಆರು ಮಂದಿಯನ್ನು ಕೊಲ್ಲಿಸಿದರು. ಅಂದು ಸಭಾಧಿಕಾರಿಗಳಲ್ಲೊಬ್ಬನಾಗಿದ್ದ ಸಾಕ್ರೆಟೀಸನು ಇದು ಕಾನೂನಿಗೆ ವಿರುದ್ಧವೆಂದು ಹೇಳಿದರೂ ಕೇಳುವವರಿರಲಿಲ್ಲ. ಸ್ವಲ್ಪ ಕಾಲದಲ್ಲೇ ಜನರಿಗೆ ಪಶ್ಚಾತ್ತಾಪವಾಯಿತು, ಪಶ್ಚಾತ್ತಾಪಪಟ್ಟವರು ಮಾಡಿದ್ದೇನು? ಜನರನ್ನು ವಂಚಿಸಿದರೆಂದು, ಆ ಸಲಹೆಯನ್ನು ಮುಂದಿಟ್ಟ ಕಲಿಕ್ಸೆನಸ್ ಎಂಬವನ ಮೇಲೂ ಅವನ ಸಂಗಡಿಗರ ಮೇಲೂ ಮೊಕದ್ದಮೆ ಹೂಡಲು ನಿರ್ಣಯ ಮಾಡಿದರು.

ಇದರ ಪರಿಣಾಮವನ್ನು ಸ್ವಲ್ಪ ನಿಂತು ಯೋಚಿಸಬೇಕು. ನೀತಿಯೊಂದನ್ನು ಪ್ರಶ್ನಿಸುವುದೆಂದರೆ ಅದಕ್ಕೆ ಕೈಯೆತ್ತಿದ ಶ್ರೋತೃಗಳನ್ನೇ ಪ್ರಶ್ನಿಸಿದಂತೆ. ಅದು ಅಪಾಯಕರ. ಆ ನೀತಿಯನ್ನು ಬೋಧಿಸಿದವನು ನೀಚ, ಲಂಚಕೋರ, ಹುಟ್ಟಿನಿಂದಲೇ ದ್ರೋಹಿ ಎಂದು ತೋರಿಸಿಕೊಟ್ಟರೆ ಶ್ರೋತೃಗಳು ನಿರ್ದೋಷಿಗಳಾಗುವರು, ಸಂತೋಷಪಡುವರು, ಮತವನ್ನೂ ಕೊಡುವರು. ಎದುರಾಳಿಯ ಚಾರಿತ್ರ್ಯಹನನವು ಹೀಗೆ ಜನರಿಗೆ ಸಲ್ಲಿಸುವ ಒಂದು ಬಗೆಯ ಉಪಚಾರವಾಗಿತ್ತು. ಇದರ ಮೇಲೆ ಮತ್ತೊಂದು ಕಾರಣವೂ ಸೇರಿತ್ತು. ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ಅಧಿಕಾರಿ ಆ ನಗರದಲ್ಲಿ ಇರಲಿಲ್ಲ. ಇಷ್ಟಪಟ್ಟ ಯಾವ ನಾಗರಿಕನಾದರೂ ಫಿರ್ಯಾದಿಯಾಗಬಹುದಿತ್ತು. ಯಾರು ತಾನೇ ಸುಮ್ಮನೆ ಅಷ್ಟು ಕಷ್ಟಕ್ಕೆ ಇಷ್ಟಪಡುವನು? ದ್ವೇಷವಿದ್ದವನು ಇಷ್ಟಪಡುವನು. ಖಾಸಗಿ ವೈರಗಳೇ ಎಷ್ಟೋ ಸಾರ್ವಜನಿಕ ವಿಷಯಗಳನ್ನು ಸರಿಪಡಿಸುತ್ತವೆ ಎಂಬ ಲೋಕದ ಮಾತು ದಿಟವೆಂದು ಈಸ್ಕಿನೀಸನು ಜೂರಿಗಳ ಮುಂದೆ ನಿಸ್ಸಂಕೋಚವಾಗಿ ಹೇಳಿದ್ದುಂಟು. ಅಂದರೆ ಆ ರಾಜ್ಯವ್ಯವಸ್ಥೆ ವೈರವನ್ನು ಸಹಿಸಿಕೊಂಡಿದ್ದಿತೆಂಬುದಷ್ಟೇ ಅಲ್ಲ. ಅದು ವೈರದ ಮೇಲೆ ನಡೆಯುತ್ತಿತ್ತು.

ಈಗ ಆ ಇಬ್ಬರ ಕಥೆಗೆ ಬರೋಣ. ಡೆಮಾಸ್ತನೀಸನು ಕ್ರಿ.ಪೂ. 384ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದವನು. ತಂದೆಗೆ ಕತ್ತಿ ಮಾಡುವ ಕಾರ್ಖಾನೆಯೊಂದು, ಮಂಚ ಮಾಡುವ ಕಾರ್ಖಾನೆಯೊಂದು ಇದ್ದವು. ಹುಡುಗನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡು, ಪೋಷಕರಾಗಿ ನಿಂತ ಮೂವರು ಆಸ್ತಿಯನ್ನು ನುಂಗಿಬಿಡಲು, ಪ್ರಾಪ್ತವಯಸ್ಕನಾದೊಡನೆ ಅವನು ಅವರ ಮೇಲೆ ವ್ಯಾಜ್ಯ ಹೂಡಿ ಮಾತಿನ ವಿದ್ಯೆಯನ್ನು ನ್ಯಾಯಸ್ಥಾನದಲ್ಲೇ ಕಲಿತನು. ಈಸ್ಕಿನೀಸನಾದರೋ ಅಟ್ರೊಮೀಟಸನೆಂಬ ಬಡ ಉಪಾಧ್ಯಾಯನ ಮಗ. ಗುಮಾಸ್ತೆಯಾಗಿದ್ದು, ದುರಂತನಾಟಕಗಳಲ್ಲಿ ಪಾತ್ರ ವಹಿಸಿ, ಸೈನಿಕನಾಗಿ ಯೂಬಿಯ ದ್ವೀಪದ ಯುದ್ಧದಲ್ಲಿ ಹೆಸರು ಗಳಿಸಿ, ರಾಜಕೀಯಕ್ಕೆ ತಡವಾಗಿ ಬಂದವನು. ಕ್ರಿ.ಪೂ. 359ರಲ್ಲಿ ಮ್ಯಾಸಿಡೋನಿಯದ ಅಧಿಕಾರ ಹಿಡಿದ ಫಿಲಿಪನು ಆಂಫಿಪೊಲಿಸನ್ನು ನುಂಗಿ, 348ರಲ್ಲಿ ಒಲಿಂಥಸ್ ನಗರವನ್ನು ನೆಲಸಮಮಾಡಿ ದಕ್ಷಿಣಕ್ಕೆ ಮುಖ ತಿರುಗಿಸಿದ್ದ ಸಮಯದಲ್ಲಿ, ಅವನೊಡನೆ ಸಂಧಿಮಾಡಿಕೊಂಡು ಬರುವುದಕ್ಕಾಗಿ 346ರಲ್ಲಿ ಆಥೆನ್ಸ್ ಹತ್ತು ಮಂದಿ ರಾಯಭಾರಿಗಳನ್ನು ಕಳುಹಿಸಿತು. ಆ ಹತ್ತರಲ್ಲಿ ಇವರಿಬ್ಬರೂ ಇದ್ದರು. ಫಿಲಿಪನ ಎದುರಿಗೆ ಮಾತನಾಡಲು ನಿಂತಾಗ ಡೆಮಾಸ್ತನೀಸನ ಬಾಯಿ ಕಟ್ಟಿಹೋಯಿತೆಂದು ಈಸ್ಕಿನೀಸನು ಮುಂದೆ ಲೋಕಕ್ಕೆಲ್ಲ ಸಾರಿದನು.

ಸಂಧಿಯೇನೋ ಆಯಿತು; ಫಿಲಾಕ್ರಟೀಸನೆಂಬವನು ಅದನ್ನು ಸೂಚಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿತು. ಆದರೆ ಪ್ರಮಾಣಸ್ವೀಕಾರಕ್ಕೆಂದು ಎರಡನೆಯ ಸಲ ಹೋದ ರಾಯಭಾರಿಗಳು ದಾರಿಯಲ್ಲಿ ಕಾಲಹರಣ ಮಾಡುತ್ತಿರುವಷ್ಟರಲ್ಲಿ ಫಿಲಿಪನು ಥ್ರೇಸಿನಲ್ಲಿ ತನಗೆ ಬೇಕಾದ ಕೋಟೆಗಳನ್ನು ಹಿಡಿದನು. ಬಳಿಕ ಥರ್ಮಾಪಿಲೇ ಕಣಿವೆ ಅವನ ವಶವಾಯಿತು. ಆಥೆನ್ಸಿನ ಮಿತ್ರರಾದ ಫೋಕಿಸಿನವರ ಪಟ್ಟಣಗಳು ಹಾಳಾದವು. ಸಂಧಿಗೆ ಕೈಯೆತ್ತಿದ್ದವರು ಈಗ ಕೈ ಹಿಸುಕಿಕೊಂಡರು. ಮೋಸಮಾಡಿದವನೊಬ್ಬನು ಬೇಕಾಯಿತು. ಡೆಮಾಸ್ತನೀಸನೂ ಸಂಧಿಯ ಪರವಾಗಿ ಓಡಾಡಿದವನೇ ಆದರೂ, ಅವನು ಎಲ್ಲರಿಗಿಂತ ಮೊದಲು ಕೈತೊಳೆದುಕೊಂಡು, ಟಿಮಾರ್ಕಸನೆಂಬ ಸಹೋದ್ಯೋಗಿಯನ್ನು ಕೂಡಿಕೊಂಡು, ಈಸ್ಕಿನೀಸನು ಫಿಲಿಪನಿಂದ ಲಂಚ ತಿಂದು ನಗರವನ್ನು ಮಾರಿದನೆಂದು ಆಪಾದನೆ ಹೊರಿಸಿದನು.

ಈಸ್ಕಿನೀಸನ ಪ್ರತ್ಯುತ್ತರ ರಾಜಕೀಯ ಕುಯುಕ್ತಿಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಸಂಧಿಯ ವಿಷಯವನ್ನು ಅವನು ಮುಟ್ಟಲೇ ಇಲ್ಲ. ತಂದೆತಾಯಿಗಳನ್ನು ಹೊಡೆದವನು, ಯುದ್ಧದಲ್ಲಿ ಗುರಾಣಿ ಬಿಸುಟು ಓಡಿದವನು, ಮೈಮಾರಿಕೊಂಡವನು, ಪಿತ್ರಾರ್ಜಿತವನ್ನು ತಿಂದುಹಾಕಿದವನು, ಈ ನಾಲ್ವರು ಜನಸಭೆಯಲ್ಲಿ ಮಾತನಾಡಕೂಡದೆಂದು ಅಲ್ಲಿ ಒಂದು ಹಳೆಯ ಕಾನೂನಿತ್ತು. ಟಿಮಾರ್ಕಸನು ಯೌವನದಲ್ಲಿ ದೇಹವನ್ನು ಮಾರಿಕೊಂಡು ಬದುಕಿದನು, ತಂದೆಯ ಆಸ್ತಿಯನ್ನು ಹಾಳುಮಾಡಿದನು, ಆದ್ದರಿಂದ ಅವನಿಗೆ ಫಿರ್ಯಾದಿಯಾಗುವ ಅರ್ಹತೆಯೇ ಇಲ್ಲವೆಂದು ಈಸ್ಕಿನೀಸನು ದಾವೆ ಹೂಡಿದನು. ದೇಹವಿಕ್ರಯದ ಆರೋಪಕ್ಕೆ ಪ್ರತ್ಯಕ್ಷಸಾಕ್ಷ್ಯವಿರಲಿಲ್ಲ. ಅದಕ್ಕೆ ಅವನು ಹೇಳಿದ್ದೇನೆಂದರೆ, ಜನವಾರ್ತೆಯೂ ಒಬ್ಬಳು ದೇವತೆ. ನಮ್ಮ ಹಿರಿಯರು ಅವಳಿಗೆ ಬಲಿಪೀಠವನ್ನು ಕಟ್ಟಿಸಿದ್ದಾರೆ. ಊರೆಲ್ಲ ಆಡಿಕೊಳ್ಳುವ ಮಾತು ಸುಳ್ಳಾಗುವುದುಂಟೆ ಎಂದು. ಜೂರಿಗಳು ಇದನ್ನು ಒಪ್ಪಿದರು. ಟಿಮಾರ್ಕಸನು ನಾಗರಿಕಸ್ವಾತಂತ್ರ್ಯಗಳನ್ನೆಲ್ಲ ಕಳೆದುಕೊಂಡನು. ಅವನು ಮಂತ್ರಾಲೋಚನಾಸಭೆಯ ಸದಸ್ಯನಾಗಿದ್ದಾಗ ಫಿಲಿಪನಿಗೆ ಆಯುಧಗಳನ್ನೋ ಹಡಗಿನ ಸಾಮಗ್ರಿಗಳನ್ನೋ ಮಾರುವವನಿಗೆ ಮರಣದಂಡನೆಯಾಗಬೇಕೆಂದು ನಿರ್ಣಯ ತಂದವನು. ಆ ನಿರ್ಣಯ ಸರಿಯಿತ್ತೇ ಇಲ್ಲವೇ ಎಂಬುದನ್ನು ಆ ದಿನ ಯಾರೂ ಕೇಳಲಿಲ್ಲ. ವ್ಯಕ್ತಿ ಬಿದ್ದನು, ಅವನೊಡನೆ ಅವನ ವಾದವೂ ಬಿದ್ದಿತೆಂದು ಎಲ್ಲರೂ ಭಾವಿಸಿದರು. ಒಬ್ಬನ ಮಾತಿಗೆ ಉತ್ತರ ಹುಡುಕುವುದಕ್ಕಿಂತ ಅವನ ಬಾಯಿಯನ್ನೇ ಮುಚ್ಚಿಸುವುದು ಸುಲಭವಾಗಿರುವಲ್ಲಿ ಉತ್ತರ ಹುಡುಕುವ ಶ್ರಮವನ್ನು ಯಾರು ತೆಗೆದುಕೊಳ್ಳುವರು?

ಮೂಲ ಮೊಕದ್ದಮೆ ಕ್ರಿ.ಪೂ. 343ರಲ್ಲಿ ವಿಚಾರಣೆಗೆ ಬಂದಿತು. ಅಂದಿನ ಡೆಮಾಸ್ತನೀಸನ ಭಾಷಣದಲ್ಲಿ ರಾಯಭಾರದ ದಿನಗಳ ಲೆಕ್ಕ, ಫೋಕಿಸಿನ ನಾಶ, ಕೈತಪ್ಪಿದ ಕೋಟೆಗಳು, ಇವೆಲ್ಲ ಉಂಟು. ಗಂಭೀರವಾದ ರಾಜನೀತಿಯ ವಿಮರ್ಶೆ ಅದು. ಅದರ ನಡುವೆ, ಒಂದು ಪಾನಗೋಷ್ಠಿಯಲ್ಲಿ ಈಸ್ಕಿನೀಸನು ಒಲಿಂಥಸಿನಿಂದ ಸೆರೆಯಾಗಿ ಬಂದ ಕುಲೀನ ಹೆಣ್ಣೊಬ್ಬಳನ್ನು ಹಾಡೆಂದು ಬಲಾತ್ಕರಿಸಿ, ಅವಳು ಹಾಡದಿರಲು ಬೆನ್ನಿನ ಮೇಲೆ ಚಾವಟಿಯಿಂದ ಹೊಡೆಸಿದನೆಂಬ ಕಥೆಯನ್ನು ಅವನು ಹೇಳಿದನು. ಈಸ್ಕಿನೀಸನ ಮಾತನ್ನು ನಂಬುವುದಾದರೆ, ಕೇಳುತ್ತಿದ್ದವರು ಆ ಕಥೆಯನ್ನು ಸಹಿಸದೆ ಕೂಗಿ ನಿಲ್ಲಿಸಿದರು. ಈ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಶ್ರೋತೃಗಳಿಗೆ ಎಲ್ಲೆ ಹಾಕುವ ಶಕ್ತಿ ಇತ್ತು. ಅದನ್ನು ಅವರು ಬೇಕೆನಿಸಿದಾಗ ಉಪಯೋಗಿಸಬಲ್ಲವರಾಗಿದ್ದರು. ಆ ದಿನ ಈಸ್ಕಿನೀಸನ ತಂದೆ, 94 ವರ್ಷದ ಮುದುಕ, ಸಭೆಯಲ್ಲಿ ಹಾಜರಿದ್ದನು. ಮಗನು ಅವನನ್ನು ಜೂರಿಗಳಿಗೆ ತೋರಿಸಿ, ನಗರದ ಅತ್ಯಂತ ಹಿರಿಯರಲ್ಲೊಬ್ಬನೆಂದು ಹೇಳಿ ಕರುಣೆಯನ್ನು ಬೇಡಿದನು. ಹಳೆಯ ಲೇಖಕರು ಹೇಳುವಂತೆ ಕೇವಲ 30 ಮತಗಳ ಅಂತರದಲ್ಲಿ ಈಸ್ಕಿನೀಸನು ಪಾರಾದನು.

ಮುಂದಿನ ಐದು ವರ್ಷಗಳ ವೃತ್ತಾಂತವನ್ನು ಬೇಗನೆ ಹೇಳಿಬಿಡಬಹುದು. ಡೆಮಾಸ್ತನೀಸನ ಮಾತು ಜನಸಭೆಯಲ್ಲಿ ಮೇಲಾಯಿತು; ಹಳೆಯ ಶತ್ರುವಾದ ಥೀಬ್ಸ್ ನಗರವನ್ನು ಅವನು ಆಥೆನ್ಸಿಗೆ ಮಿತ್ರನನ್ನಾಗಿ ಮಾಡಿದನು; ಕ್ರಿ.ಪೂ. 338ರಲ್ಲಿ ಕೈರೊನೀಯದ ಬಯಲಿನಲ್ಲಿ ಎರಡು ನಗರಗಳ ಸೈನ್ಯವೂ ಫಿಲಿಪನ ಕೈಯಲ್ಲಿ ಮುರಿದುಹೋಯಿತು. ಆಥೆನ್ಸಿನ ಸಾವಿರ ಮಂದಿ ಸತ್ತರು, ಎರಡು ಸಾವಿರ ಮಂದಿ ಸೆರೆಯಾದರು. ಸತ್ತವರ ಮೇಲೆ ಚರಮಭಾಷಣ ಮಾಡಲು ಜನರು ಡೆಮಾಸ್ತನೀಸನನ್ನೇ ಆರಿಸಿದರು. ಅವನು ಕೋಟೆಗೋಡೆಯ ದುರಸ್ತಿಯ ಅಧಿಕಾರಿಯಾಗಿ ಸ್ವಂತ ಹಣದಿಂದ 100 ಮಿನಗಳನ್ನು ಕೊಟ್ಟದ್ದಕ್ಕಾಗಿಯೂ, ಸದಾ ನಗರದ ಹಿತವನ್ನೇ ಆಡಿ ಮಾಡಿದ್ದಕ್ಕಾಗಿಯೂ, ಅವನಿಗೆ ಡಯೊನೈಸಸ್ ದೇವರ ಉತ್ಸವದಲ್ಲಿ ನಾಟಕಶಾಲೆಯಲ್ಲಿ ಘೋಷಿಸಿ ಸುವರ್ಣಕಿರೀಟವನ್ನು ಕೊಡಬೇಕೆಂದು ಟೆಸಿಫೋನನೆಂಬವನು ಸಲಹೆ ಮಾಡಿದನು. ಕ್ರಿ.ಪೂ. 336ರಲ್ಲಿ ಈಸ್ಕಿನೀಸನು ಆ ಸಲಹೆ ಕಾನೂನಿಗೆ ವಿರುದ್ಧವೆಂದು ಟೆಸಿಫೋನನ ಮೇಲೆ ದಾವೆ ಹೂಡಿದನು. ಆ ವರ್ಷವೇ ಫಿಲಿಪನ ಕೊಲೆಯಾಯಿತು. ಮರುವರ್ಷ ಅವನ ಮಗ ಅಲೆಗ್ಸಾಂಡರನು ಥೀಬ್ಸನ್ನು ಭೂಮಿಗೆ ಸಮಮಾಡಿದನು. ದಾವೆ ಮಾತ್ರ ಆರು ವರ್ಷ ನಿಂತಿದ್ದು 330ರಲ್ಲಿ ವಿಚಾರಣೆಗೆ ಬಂದಿತು.

ನಮ್ಮ ಭಾರತದ ಕಥೆಯಲ್ಲಿ ಧರ್ಮರಾಯನ ರಾಜಸೂಯದ ಅಗ್ರಪೂಜೆಯ ಸಮಯದಲ್ಲಿ ಶಿಶುಪಾಲನು ಎದ್ದು ನಿಂತದ್ದು ಓದುಗರಿಗೆ ನೆನಪಿರಬಹುದು. ಅವನು ಮೊದಲು ಎತ್ತಿದ ಆಕ್ಷೇಪಣೆ ಕ್ರಮಬದ್ಧವಾದುದೇ. ವಯಸ್ಸಿಗೆ ಮಾನವೆಂದರೆ ವಸುದೇವನಿದ್ದಾನೆ, ಆಚಾರ್ಯತ್ವಕ್ಕೆಂದರೆ ದ್ರೋಣನಿದ್ದಾನೆ, ಋತ್ವಿಜನೆಂದರೆ ವ್ಯಾಸನಿದ್ದಾನೆ, ಕೃಷ್ಣನು ರಾಜನೂ ಅಲ್ಲ, ಯಾವ ಅರ್ಹತೆಯಿಂದ ಅವನಿಗೆ ಪೂಜೆ ಎಂದು ಕೇಳಿದನಷ್ಟೆ. ಆ ಪ್ರಶ್ನೆಯಿಂದ ತುರುಗಾಹಿಯೆಂಬ ಬೈಗುಳಕ್ಕೆ ಅವನು ಇಳಿದದ್ದು ಬಹುಬೇಗ. ಈಸ್ಕಿನೀಸನ ಭಾಷಣದ ಗತಿಯೂ ಅದೇ. ಅಧಿಕಾರದಲ್ಲಿರುವವನು ಲೆಕ್ಕ ಒಪ್ಪಿಸುವುದಕ್ಕೆ ಮೊದಲು ಅವನಿಗೆ ಕಿರೀಟ ಕೊಡಕೂಡದೆಂಬ ಕಾನೂನನ್ನು ಅವನು ಮುಂದಿಟ್ಟನು. ಕಿರೀಟವನ್ನು ಜನಸಭೆಯಲ್ಲಿ ಘೋಷಿಸಬೇಕೇ ಹೊರತು ನಾಟಕಶಾಲೆಯಲ್ಲಲ್ಲ ಎಂದನು. ಮೊದಲನೆಯ ವಾದವಂತೂ ಬಲವಾದದ್ದೇ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನಿಗೆ ಗೌರವವಾದರೂ ಉಳಿಯುತ್ತಿತ್ತು. ಆದರೆ ಡೆಮಾಸ್ತನೀಸನ ಅಜ್ಜಿ ಸಿಥಿಯ ದೇಶದ ಅನಾಗರಿಕ ಹೆಂಗಸು, ಆದ್ದರಿಂದ ಇವನು ಗ್ರೀಕನೇ ಅಲ್ಲ ಎಂದನು. ಇವನು ಹೆಣ್ಣಿಗ, ಹೇಡಿ, ರಣದಿಂದ ಓಡಿದವನು ಎಂದನು. ಫಿಲಿಪನ ಕೊಲೆಯ ಸುದ್ದಿ ಬಂದಾಗ ಡೆಮಾಸ್ತನೀಸನ ಒಬ್ಬಳೇ ಮಗಳು ತೀರಿಕೊಂಡು ಏಳು ದಿನಗಳಾಗಿದ್ದವು. ಅವನು ಶೋಕವನ್ನು ಬದಿಗಿಟ್ಟು ಬಿಳಿಯ ಬಟ್ಟೆಯುಟ್ಟು ಹೂಮುಡಿದು ದೇವರಿಗೆ ಕೃತಜ್ಞತೆ ಸಲ್ಲಿಸಿದನು. ಮಗಳನ್ನು ಪ್ರೀತಿಸದವನು ಜನರನ್ನು ಪ್ರೀತಿಸುವನೇ ಎಂದು ಈಸ್ಕಿನೀಸನು ಕೇಳಿದನು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ ಈ ಪ್ರಸಂಗವನ್ನು ಬರೆದ ಪ್ಲೂಟಾರ್ಕನಿಗೆ ಕೂಡ ಇದು ಹಿಡಿಸಲಿಲ್ಲ. ಮನೆಯ ದುಃಖವನ್ನು ಮನೆಯಲ್ಲಿ ಬಿಟ್ಟು ನಗರದ ಕೆಲಸಕ್ಕೆ ಬಂದವನನ್ನು ಅವನು ಹೊಗಳಿ, ಆಕ್ಷೇಪಿಸಿದವನನ್ನೇ ಹಳಿದನು. ಸತ್ತ ಮಗುವಿನ ಹೆಸರನ್ನು ಮತಕ್ಕಾಗಿ ಎತ್ತಿದ ಆ ಕ್ಷಣದಲ್ಲಿ ಈಸ್ಕಿನೀಸನು ಮಾಡಿದ್ದನ್ನು ಎಷ್ಟು ವಾಕ್ಪಾಟವವೂ ಮುಚ್ಚಲಾರದು.

ಡೆಮಾಸ್ತನೀಸನ ಉತ್ತರದಲ್ಲಿ ಕೊಳಕು ಇದಕ್ಕಿಂತ ಕಡಿಮೆಯಿಲ್ಲ. ಬೈಗುಳವನ್ನೂ ಆಪಾದನೆಯನ್ನೂ ಕೇಳುವುದು ಮನುಷ್ಯರಿಗೆ ಸ್ವಭಾವತಃ ಹಿತವೆಂದೂ, ಆತ್ಮಪ್ರಶಂಸೆ ಕೇಳುವುದು ಅಸಹ್ಯವೆಂದೂ, ಆದ್ದರಿಂದ ಪ್ರತಿವಾದಿಯಾದ ತನ್ನ ಪಾಡು ಕಷ್ಟವೆಂದೂ ಅವನು ಪೀಠಿಕೆಯಲ್ಲೇ ಹೇಳಿಕೊಂಡನು. ಆಪಾದನೆ ಬೇರೆ, ನಿಂದೆ ಬೇರೆ ಎಂಬ ಸೂಕ್ಷ್ಮವನ್ನೂ ವಿವರಿಸಿದನು. ಇಷ್ಟು ಬಲ್ಲವನು ಮರುಗಳಿಗೆಯಲ್ಲೇ ಈಸ್ಕಿನೀಸನ ತಂದೆ ಒಂದು ಶಾಲೆಯಲ್ಲಿ ಕಾಲಿಗೆ ಬೇಡಿ ಹಾಕಿಸಿಕೊಂಡ ಗುಲಾಮನಾಗಿದ್ದನೆಂದೂ, ಅವನ ನಿಜವಾದ ಹೆಸರು ಟ್ರೋಮೀಸನೆಂದೂ, ಮಗನು ದೊಡ್ಡವನಾದ ಮೇಲೆ ಅದನ್ನು ತಿದ್ದಿ ಅಟ್ರೊಮೀಟಸನೆಂದು ಮಾಡಿದನೆಂದೂ, ತಾಯಿ ಹಾಡುಹಗಲೇ ಮೈಮಾರಿಕೊಳ್ಳುತ್ತಿದ್ದವಳೆಂದೂ ಹೇಳಿಬಿಟ್ಟನು. ಹದಿಮೂರು ವರ್ಷಗಳ ಹಿಂದೆ ಇದೇ ಡೆಮಾಸ್ತನೀಸನು ಇದೇ ತಂದೆಯನ್ನು ಅಟ್ರೊಮೀಟಸನೆಂಬ ಹೆಸರಿನಿಂದಲೇ ಕರೆದು ಬರಿಯ ಉಪಾಧ್ಯಾಯನೆಂದಿದ್ದನು. ಆಗ ಆ ಮುದುಕನು ಸಭೆಯಲ್ಲಿ ಎಲ್ಲರ ಕಣ್ಣೆದುರಿಗೆ ಕುಳಿತಿದ್ದನು. ಈಗ ಅವನು ಬದುಕಿದ್ದಿದ್ದರೆ 107 ವರ್ಷದವನಾಗಿರಬೇಕು. ಉತ್ತರ ಕೊಡುವವರಿಲ್ಲವೆಂಬ ಧೈರ್ಯದಿಂದಲೇ ಉಪಾಧ್ಯಾಯನು ಗುಲಾಮನಾದನು. ಇನ್ನೂ ನೋವಿನ ಸಂಗತಿಯೆಂದರೆ, ಜನಪ್ರಭುತ್ವದ ಆ ಮಹಾವೀರನು ತನ್ನ ಸಿರಿವಂತ ಬಾಲ್ಯವನ್ನು ಎದುರಾಳಿಯ ಬಡ ಬಾಲ್ಯದ ಪಕ್ಕದಲ್ಲಿಟ್ಟು, ಶಾಲೆಯಲ್ಲಿ ಬೆಂಚು ಒರೆಸುತ್ತಿದ್ದವನು, ಮಸಿ ಅರೆಯುತ್ತಿದ್ದವನು ಎಂದು ಹೀಯಾಳಿಸಿದ್ದು. ಅದೂ ಮೂರು ಓಬಲ್ ಕೂಲಿಗೆ ಕುಳಿತಿದ್ದ ಜೂರಿಗಳ ಎದುರಿಗೆ. ಅವರಲ್ಲಿ ಎಷ್ಟು ಮಂದಿ ಇಂಥ ಕೆಲಸಗಳನ್ನು ಮಾಡಿ ಬದುಕಿದವರೋ! ಆದರೂ ಆ ಮಾತು ಅವನಿಗೆ ಕೆಡುಕಾಗಲಿಲ್ಲ.

ಕಾನೂನಿನ ಪ್ರಶ್ನೆಗೆ ಅವನ ಉತ್ತರ ದುರ್ಬಲವಾದುದು. ಅದನ್ನು ಭಾಷಣದ ನಡುಮಧ್ಯದಲ್ಲಿ, ಬೇಗ ದಾಟಿಹೋಗುವಂತೆ, ಹುದುಗಿಸಿಟ್ಟನು. ಹೀಗಿದ್ದರೂ ಈ ಭಾಷಣವನ್ನು ಲೋಕವು ಎರಡು ಸಾವಿರ ವರ್ಷಗಳಿಗೂ ಮೀರಿ ಓದಿಕೊಂಡು ಬಂದಿರುವುದೇಕೆ? ಅದರಲ್ಲಿ ಒಂದು ಭಾಗವುಂಟು. ಅಲ್ಲಿ ಡೆಮಾಸ್ತನೀಸನು ಎದುರಾಳಿಯನ್ನು ಮರೆತು ನಿಜವಾದ ಪ್ರಶ್ನೆಗೆ ಮುಖಕೊಟ್ಟು ನಿಂತಿದ್ದಾನೆ. ನಾನು ನಿಮ್ಮನ್ನು ವಂಚಿಸಿದೆನೆಂದು ಇವನು ಹೇಳುತ್ತಾನೆ. ಹಾಗಲ್ಲ, ಎಲ್ಲವನ್ನೂ ತಿಳಿದು ನೀವೇ ಆರಿಸಿದಿರಿ ಎಂಬುದು ಅವನ ವಾದದ ತಿರುಳು. ಆಗಬಹುದಾದುದೆಲ್ಲ ಮೊದಲೇ ಎಲ್ಲರಿಗೂ ಗೊತ್ತಿದ್ದಿದ್ದರೂ, ಸೋಲು ಬರುವುದೆಂದು ಈಸ್ಕಿನೀಸನೇ ಕೂಗಿ ಕೂಗಿ ಹೇಳಿದ್ದಿದ್ದರೂ, ತನ್ನ ಕೀರ್ತಿಯನ್ನೂ ಪೂರ್ವಿಕರನ್ನೂ ಮುಂದಿನ ಕಾಲವನ್ನೂ ಲೆಕ್ಕಕ್ಕಿಟ್ಟ ನಗರವು ಬೇರೆ ದಾರಿಯನ್ನು ಹಿಡಿಯಲಾಗುತ್ತಿರಲಿಲ್ಲವೆಂದು ಅವನು ಹೇಳಿದನು. ಮ್ಯಾರಥಾನಿನಲ್ಲಿಯೂ ಪ್ಲಟೀಯದಲ್ಲಿಯೂ ಸಲಾಮಿಸಿನಲ್ಲಿಯೂ ಪ್ರಾಣವೊಡ್ಡಿದ ಹಿರಿಯರ ಮೇಲೆ ಆಣೆಯಿಟ್ಟು, ನೀವು ತಪ್ಪಲಿಲ್ಲವೆಂದನು. ಆ ಹಿರಿಯರಲ್ಲಿ ಗೆದ್ದವರಿಗೆ ಮಾತ್ರವಲ್ಲ, ಸತ್ತವರಿಗೆಲ್ಲರಿಗೂ ನಗರವು ಒಂದೇ ಮಾನದ ಸಮಾಧಿಯನ್ನು ಕೊಟ್ಟಿತೆಂದು ನೆನಪಿಸಿದನು.

ಆ ರಾಜ್ಯದಲ್ಲಿ ಜನರ ಕಿವಿಗೆ ಬಹಳ ಅಪರೂಪವಾಗಿ ಬೀಳುತ್ತಿದ್ದ ಮಾತು ಇದು. ಸೋತ ಜನರ ಮುಂದೆ ನಿಂತು, ಸೋಲಿಗೆ ಕಾರಣವಾದ ನಿರ್ಣಯ ನಿಮ್ಮದೇ ಎಂದು ಹೇಳುವುದಕ್ಕೆ ಎದೆ ಬೇಕು. ವಂಚನೆಗೊಳಗಾದವರೆಂಬ ಅಗ್ಗದ ಬಿಡುಗಡೆಯನ್ನು ಈಸ್ಕಿನೀಸನು ಅವರಿಗೆ ನೀಡಹೊರಟಿದ್ದನು. ಡೆಮಾಸ್ತನೀಸನು ಹೊಣೆಯನ್ನು ಅವರ ಕೈಗೇ ಕೊಟ್ಟು, ಅದನ್ನು ಹೊರಲು ಅವರು ಯೋಗ್ಯರೆಂದನು. ಬೈಗುಳದ ಪಾಲನ್ನು ತೆಗೆದುಹಾಕಿದರೂ ಈ ಭಾಷಣ ನಿಲ್ಲುತ್ತಿತ್ತು, ಇನ್ನೂ ಎತ್ತರವಾಗಿ ನಿಲ್ಲುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕೊಳಕು ಇಲ್ಲದಿದ್ದರೆ ಅವನು ಗೆಲ್ಲುತ್ತಿರಲಿಲ್ಲವೆಂದು ಹೇಳುವವರುಂಟು. ಆದರೆ ಈಸ್ಕಿನೀಸನ ಭಾಷಣದಲ್ಲಿಯೂ ಕೊಳಕು ಹೇರಳವಾಗಿತ್ತು, ಅದು ಅವನನ್ನು ಗೆಲ್ಲಿಸಲಿಲ್ಲ.

ಬಿಲ್ಲೆಗಳನ್ನು ಎಣಿಸಿದಾಗ ಈಸ್ಕಿನೀಸನಿಗೆ ಐದರಲ್ಲೊಂದು ಪಾಲು ಮತವೂ ಬಂದಿರಲಿಲ್ಲ. ಅಷ್ಟೂ ಬಾರದ ಫಿರ್ಯಾದಿಗೆ 1000 ಡ್ರಾಕ್ಮ ದಂಡವೂ ಮುಂದೆ ಅಂಥ ದಾವೆ ಹೂಡುವ ಹಕ್ಕಿನ ನಷ್ಟವೂ ಕಾನೂನಿನ ವಿಧಿ. ಅವನು ನಗರವನ್ನು ಬಿಟ್ಟು ಏಷ್ಯದ ಕರಾವಳಿಗೆ ಹೋಗಿ, ತರುವಾಯ ರೋಡ್ಸ್ ದ್ವೀಪದಲ್ಲಿ ವಾಗ್ವಿದ್ಯೆಯನ್ನು ಕಲಿಸುತ್ತಿದ್ದನು. ಅಲ್ಲಿಯವರ ಕೋರಿಕೆಯ ಮೇರೆಗೆ ತನ್ನ ಭಾಷಣವನ್ನೂ ಡೆಮಾಸ್ತನೀಸನ ಭಾಷಣವನ್ನೂ ಓದಿ, ಎರಡನೆಯದನ್ನು ಅವರು ಮೆಚ್ಚಿದಾಗ, ಅವನ ಬಾಯಿಂದಲೇ ಕೇಳಿದ್ದರೆ ನೀವು ಏನನ್ನುತ್ತಿದ್ದಿರೋ ಎಂಬರ್ಥದ ಮಾತನ್ನು ಆಡಿದನೆಂದು ರೋಮಿನ ಸಿಸಿರೋ ಬರೆದಿದ್ದಾನೆ. ವೈರಿಯ ವಿಷಯವಾಗಿ ಈಸ್ಕಿನೀಸನು ಆಡಿದ ಉದಾರವಾದ ಮಾತು ಇದೊಂದೇ. ಅದಕ್ಕಾಗಿ ಅವನು ತಾನು ಗೆಲ್ಲಬೇಕಾದ ಮತವೂ ಜೂರಿಯೂ ಇಲ್ಲದ ಊರನ್ನು ಸೇರಬೇಕಾಯಿತು.

ಗೆದ್ದವನ ಮುಂದಿನ ಕಥೆ ಸುಖದ್ದಲ್ಲ. ಕ್ರಿ.ಪೂ. 324ರಲ್ಲಿ ಅಲೆಗ್ಸಾಂಡರನ ಖಜಾನೆಯ ಅಧಿಕಾರಿ ಹಾರ್ಪಲಸನು ಅಪಾರ ಹಣದೊಡನೆ ಆಥೆನ್ಸಿಗೆ ಓಡಿಬಂದನು. ನಗರವು ವಶಪಡಿಸಿಕೊಂಡ ಆ ಹಣದಲ್ಲಿ ಅರ್ಧ ಮಾಯವಾಯಿತು. ಡೆಮಾಸ್ತನೀಸನು 20 ಟ್ಯಾಲೆಂಟ್ ತೆಗೆದುಕೊಂಡನೆಂದು ಹಿರಿಯರ ಸಭೆ ವರದಿ ಕೊಟ್ಟಿತು. ಮೊಕದ್ದಮೆಯಲ್ಲಿ ಅವನ ವಿರುದ್ಧ ನಿಂತ ಫಿರ್ಯಾದಿಗಳಲ್ಲಿ ಒಬ್ಬನು ಹೈಪರೈಡೀಸ್, ಮ್ಯಾಸಿಡೋನಿಯದ ವಿರುದ್ಧ ಬಹುಕಾಲ ಅವನ ಜೊತೆಗಾರನಾಗಿದ್ದವನು. ಟಿಮಾರ್ಕಸನ ಕಾಲದಿಂದ ಇವರೆಲ್ಲರೂ ಮಸೆದಿಟ್ಟಿದ್ದ ಆಯುಧವೇ ಈಗ ಡೆಮಾಸ್ತನೀಸನ ಮೇಲೆ ಎರಗಿತು. 50 ಟ್ಯಾಲೆಂಟ್ ದಂಡ ಬಿದ್ದಿತು. ತೆರಲಾರದೆ ಸೆರೆಯಿಂದ ತಪ್ಪಿಸಿಕೊಂಡು ದೇಶಾಂತರ ಹೋದನು.

ಕ್ರಿ.ಪೂ. 323ರಲ್ಲಿ ಅಲೆಗ್ಸಾಂಡರನು ಬಾಬಿಲೋನಿನಲ್ಲಿ ಸತ್ತ ಸುದ್ದಿ ಬರಲು ಆಥೆನ್ಸಿನ ಜನಸಭೆ ಮತ್ತೆ ಯುದ್ಧಕ್ಕೆ ಕೈಯೆತ್ತಿತು. ದೇಶಾಂತರದಲ್ಲಿದ್ದ ಡೆಮಾಸ್ತನೀಸನನ್ನು ಕರೆತರುವುದಕ್ಕೆ ಹಡಗನ್ನು ಕಳುಹಿಸಿತು. ಮರುವರ್ಷ ಕ್ರಾನನಿನಲ್ಲಿ ಸೋಲಾಯಿತು. ಮ್ಯಾಸಿಡೋನಿಯದ ಸೇನಾಪತಿ ಆಂಟಿಪೇಟರನು ನಗರದ ಕಡೆಗೆ ಬಂದನು. ಆಗ ಡಿಮೇಡೀಸನೆಂಬ ವಾಗ್ಮಿಯ ಸೂಚನೆಯ ಮೇಲೆ, ಆ ಯುದ್ಧಕ್ಕೆ ಕೈಯೆತ್ತಿದ್ದ ಜನಸಭೆಯೇ ಡೆಮಾಸ್ತನೀಸನಿಗೂ ಹೈಪರೈಡೀಸನಿಗೂ ಮರಣದಂಡನೆಯನ್ನು ವಿಧಿಸಿತು. ಹೈಪರೈಡೀಸನನ್ನು ಹಿಡಿದು ಕೊಂದರು. ಡೆಮಾಸ್ತನೀಸನು ಕಲೌರಿಯ ದ್ವೀಪದ ಪೊಸೈಡನ್ ದೇವಾಲಯವನ್ನು ಹೊಕ್ಕು, ಬೆನ್ನಟ್ಟಿ ಬಂದವರ ಕೈಗೆ ಸಿಕ್ಕುವುದಕ್ಕೆ ಮೊದಲು ವಿಷ ಸೇವಿಸಿ ಸತ್ತನು. ಆಂಟಿಪೇಟರನು 2000 ಡ್ರಾಕ್ಮಗಳ ಆಸ್ತಿಯಿಲ್ಲದವರಿಗೆ ಮತದ ಹಕ್ಕಿಲ್ಲವೆಂದು ವಿಧಿಸಿದನು. ಪ್ಲೂಟಾರ್ಕನ ಲೆಕ್ಕದಂತೆ 12,000ಕ್ಕೂ ಹೆಚ್ಚು ನಾಗರಿಕರು ಜನಸಭೆಯಿಂದ ಹೊರಬಿದ್ದರು. ಕ್ರಿ.ಪೂ. 280ರಲ್ಲಿ, ಡೆಮಾಸ್ತನೀಸನ ಸೋದರಳಿಯ ಡೆಮೊಕಾರೀಸನ ಸೂಚನೆಯ ಮೇಲೆ, ಆಥೆನ್ಸಿನ ಜನರು ಅವನಿಗೆ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಅವನನ್ನು ಹೊಗಳಿದವರೂ ಕೊಲ್ಲಿಸಿದವರೂ ಪೂಜಿಸಿದವರೂ ಒಂದೇ ಜನಸಭೆಯವರು. ಈ ಮೂರರಲ್ಲಿ ಯಾವುದಕ್ಕೂ ಆ ಸಭೆ ತನ್ನ ಮೇಲೆ ವಿಚಾರಣೆಯನ್ನು ನಡೆಸಿಕೊಳ್ಳಲಿಲ್ಲ.